ಅಳತೆಗೋಲಾಗಿದ್ದ ಚರ್ಮ

2008ರ ಡಿಸೆಂಬರ್. ಸಿಂಗಪುರದಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿದ್ದ 62 ವರ್ಷದ ಒಬ್ಬರು ನೆಂಟರನ್ನು ನೋಡಲು ಅಮೆರಿಕಕ್ಕೆ ಹೋದರು. ವಿಮಾನ ನಿಲ್ದಾಣದಲ್ಲಿ ಎಲ್ಲರಂತೆ ಅವರೂ ಯಂತ್ರದ ಮೇಲೆ ಬೆರಳಿಟ್ಟರು. ಯಂತ್ರಕ್ಕೆ ಏನೂ ಸಿಗಲಿಲ್ಲ. ಹತ್ತು ಬೆರಳಿದ್ದವು, ಗೆರೆಗಳೇ ಇರಲಿಲ್ಲ. ಅಧಿಕಾರಿಗಳು ಅವರನ್ನು ನಾಲ್ಕು ಗಂಟೆ ಕೂರಿಸಿಕೊಂಡು, ಈತನಿಂದ ಅಪಾಯವಿಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ಬಿಟ್ಟರು. ಇನ್ನು ಮುಂದೆ ಪ್ರಯಾಣ ಮಾಡುವಾಗ ವೈದ್ಯರ ಪತ್ರ ಇಟ್ಟುಕೊಳ್ಳಿ ಎಂದರು.

ಅವರಿಗೆ ಮೂಗಿನ ಹಿಂಭಾಗದಲ್ಲಿ ಹುಟ್ಟಿ ಹರಡಿದ ಕ್ಯಾನ್ಸರ್ ಇತ್ತು. ಅದನ್ನು ಹತೋಟಿಯಲ್ಲಿಡಲು ಮೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕ್ಯಾಪೆಸಿಟಬಿನ್ ಎಂಬ ಮಾತ್ರೆ ನುಂಗುತ್ತಿದ್ದರು. ಆ ಮಾತ್ರೆ ಅಂಗೈ ಅಂಗಾಲುಗಳ ಚರ್ಮವನ್ನು ಸುಲಿಯುತ್ತದೆ. ಸುಲಿದು ಸುಲಿದು ಬೆರಳಚ್ಚು ಅಳಿಸಿಹೋಗಿತ್ತು. ವಿಚಿತ್ರವೆಂದರೆ, ಆ ಯಂತ್ರದ ಮುಂದೆ ನಿಲ್ಲುವವರೆಗೂ ಅದು ಅವರಿಗೇ ಗೊತ್ತಿರಲಿಲ್ಲ. ಅವರ ವೈದ್ಯರು 2009ರಲ್ಲಿ ವೈದ್ಯಕೀಯ ಪತ್ರಿಕೆಯೊಂದಕ್ಕೆ ಈ ಬಗ್ಗೆ ಚಿಕ್ಕದೊಂದು ಪತ್ರ ಬರೆದರು. ಸುದ್ದಿಮನೆಗಳು ಅದನ್ನು ಸೋಜಿಗದ ಸುದ್ದಿಯಾಗಿ ಜಗತ್ತಿಗೆಲ್ಲ ಹಂಚಿದವು.

ಇದು ಸೋಜಿಗವಷ್ಟೇ ಅಲ್ಲ. ಕ್ಯಾನ್ಸರ್ ಚಿಕಿತ್ಸೆಯ ನೂರಿಪ್ಪತ್ತೈದು ವರ್ಷಗಳ ಇತಿಹಾಸದಲ್ಲಿ ಚರ್ಮದ ಕಥೆ ಮೊದಲಿನಿಂದಲೂ ಹೀಗೇ ಇದೆ. ವೈದ್ಯರು ಚರ್ಮವನ್ನು ನೋಡಿದರು, ಅಳೆದರು, ಲೆಕ್ಕ ಬರೆದಿಟ್ಟರು. ಅದರ ಒಳಗಿದ್ದವರನ್ನು 'ನಿಮಗೆ ಹೇಗಾಗುತ್ತಿದೆ?' ಎಂದು ಕೇಳಿದ್ದು ಮಾತ್ರ ತೀರಾ ತಡವಾಗಿ.

ಸುಟ್ಟ ಕೈಗಳಿಂದ ಹುಟ್ಟಿದ ಚಿಕಿತ್ಸೆ

ವಿಲ್‌ಹೆಲ್ಮ್ ರಾಂಟ್ಜೆನ್ ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿ ಕ್ಷ-ಕಿರಣವನ್ನು ಕಂಡದ್ದು 1895ರ ನವೆಂಬರಿನಲ್ಲಿ. ಕೆಲವೇ ವಾರಗಳಲ್ಲಿ ಯುರೋಪ್ ಅಮೆರಿಕಗಳ ಎಷ್ಟೋ ಪ್ರಯೋಗಶಾಲೆಗಳಲ್ಲಿ ಆ ಕಿರಣದ ಕೊಳವೆಗಳು ಉರಿಯತೊಡಗಿದವು. ಆ ಕಿರಣ ಕಣ್ಣಿಗೆ ಕಾಣದು, ಬಿಸಿಯಿಲ್ಲ, ಮುಟ್ಟಿದಂತಾಗುವುದಿಲ್ಲ. ಹಾಗಾಗಿ ಹೆದರುವ ಕಾರಣ ಯಾರಿಗೂ ಕಾಣಲಿಲ್ಲ. ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಕೆಲಸಗಾರರು ತಮ್ಮ ಕೈಯನ್ನೇ ಅಡ್ಡ ಹಿಡಿಯುತ್ತಿದ್ದರು.

ಆ ಕೈಗಳೇ ಮೊದಲು ಕೆಟ್ಟವು. ಥಾಮಸ್ ಎಡಿಸನ್ ಬಳಿ ಗಾಜಿನ ಕೆಲಸ ಮಾಡುತ್ತಿದ್ದ ಕ್ಲಾರೆನ್ಸ್ ಡಾಲಿಯ ಕೈಗಳಲ್ಲಿ ಮಾಯದ ಹುಣ್ಣಾಗಿ, ಅದು ಕ್ಯಾನ್ಸರಿಗೆ ತಿರುಗಿ, ತೋಳುಗಳನ್ನೇ ಕತ್ತರಿಸಬೇಕಾಯಿತು. 1904ರಲ್ಲಿ ಆತ ತೀರಿಕೊಂಡ. ಎಡಿಸನ್ ಕ್ಷ-ಕಿರಣದ ಕೆಲಸವನ್ನೇ ಕೈಬಿಟ್ಟ.

ಷಿಕಾಗೊದ ಎಮಿಲ್ ಗ್ರಬ್‌ ಎಂಬಾತನ ಕೈಯೂ ಹೀಗೇ ಕೆಂಪಾಗಿ ಸುಲಿದಿತ್ತು. ಅದನ್ನು ನೋಡಿದ ವೈದ್ಯರೊಬ್ಬರಿಗೆ ಒಂದು ಯೋಚನೆ ಹೊಳೆಯಿತಂತೆ: ಒಳ್ಳೆಯ ಚರ್ಮವನ್ನೇ ಇಷ್ಟು ಕೆಡಿಸುವ ವಸ್ತು ಕೆಟ್ಟ ಗಡ್ಡೆಯನ್ನೂ ಕೆಡಿಸಬೇಕಲ್ಲವೇ? 1896ರ ಜನವರಿಯಲ್ಲೇ ಸ್ತನ ಕ್ಯಾನ್ಸರಿನ ರೋಗಿಯೊಬ್ಬರಿಗೆ ತಾನು ಕಿರಣ ಕೊಟ್ಟೆ ಎಂದು ಗ್ರಬ್ ಮುಂದೆ ಹೇಳಿಕೊಂಡ. ಈ ಮಾತನ್ನು ಇತಿಹಾಸಕಾರರು ಪೂರ್ತಿ ಒಪ್ಪಿಲ್ಲ. ಆದರೆ ಆ ಕಾಲದ ತರ್ಕ ಅದೇ ಆಗಿತ್ತು. ಅಡ್ಡ ಪರಿಣಾಮ ಮೊದಲು ಕಂಡಿತು, ಚಿಕಿತ್ಸೆ ಅದರ ಹಿಂದೆ ಬಂತು.

ರೇಡಿಯಂ ಕಥೆಯೂ ಹಾಗೆಯೇ. 1901ರಲ್ಲಿ ಆನ್ರಿ ಬೆಕ್ವೆರೆಲ್ ರೇಡಿಯಂ ಇದ್ದ ಕೊಳವೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಜೇಬಿನ ಹಿಂದಿನ ಚರ್ಮ ಸುಟ್ಟಿತು. ಇದನ್ನು ಪರೀಕ್ಷಿಸಿಯೇ ನೋಡೋಣವೆಂದು ಪಿಯರ್ ಕ್ಯೂರಿ ತನ್ನ ತೋಳಿಗೆ ಹತ್ತು ಗಂಟೆ ರೇಡಿಯಂ ಕಟ್ಟಿಕೊಂಡ. ಮೊದಲು ಕೆಂಪಾಯಿತು, ಹಕ್ಕಳೆ ಕಟ್ಟಿತು, ಆಮೇಲೆ ಹುಣ್ಣಾಯಿತು. 52 ದಿನಗಳಾದರೂ ಪೂರ್ತಿ ಮಾಯಲಿಲ್ಲ. ಆತ ಇದನ್ನು ದಿನದಿನವೂ ಗುರುತು ಹಾಕಿಕೊಂಡು, ಬೆಕ್ವೆರೆಲ್ ಜೊತೆ ಸೇರಿ ಪ್ರಬಂಧವಾಗಿ ಪ್ರಕಟಿಸಿದ. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಆನ್ರಿ ದಾನ್ಲೋ ರೇಡಿಯಮ್ಮನ್ನು ರೋಗಿಗಳ ಮೇಲೆ ಬಳಸಿದ್ದೂ ಆ ದಿನಗಳಲ್ಲೇ. ಅದು ಚರ್ಮರೋಗಗಳಿಗೆ ಹೆಸರಾದ ಆಸ್ಪತ್ರೆ.

ಕೆಂಪಾಗುವಷ್ಟು ಕೊಡು

ಔಷಧಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಬಹುದು. ಕಿರಣವನ್ನು ಹೇಗೆ ಅಳೆಯುವುದು? ಎರಡು ಮೂರು ದಶಕ ಇದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇರಲಿಲ್ಲ. ಕೊನೆಗೆ ವೈದ್ಯರು ಎದುರಿಗಿದ್ದ ಚರ್ಮವನ್ನೇ ಅಳತೆಗೋಲು ಮಾಡಿಕೊಂಡರು. ಚರ್ಮ ಕೆಂಪಾಗಲು ಎಷ್ಟು ಕಿರಣ ಬೇಕೋ ಅಷ್ಟು ಒಂದು ಡೋಸ್. ಜರ್ಮನಿಯ ಸೈಟ್ಸ್ ಮತ್ತು ವಿಂಟ್ಸ್ 1920ರಲ್ಲಿ ಇದಕ್ಕೊಂದು ಹೆಸರು ಕೊಟ್ಟು ಪ್ರಚಾರಕ್ಕೆ ತಂದರು. ಕನ್ನಡದಲ್ಲಿ ಹೇಳುವುದಾದರೆ 'ಚರ್ಮ ಕೆಂಪೇರುವ ಪ್ರಮಾಣ'. ಬೇರೆ ಬೇರೆ ರೋಗಕ್ಕೆ ಆ ಪ್ರಮಾಣದ ಎಷ್ಟು ಪಾಲು ಬೇಕು ಎಂಬ ಪಟ್ಟಿಗಳು ಬಂದವು. 1928ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ 'ರಾಂಟ್ಜೆನ್' ಎಂಬ ಭೌತಿಕ ಮಾನವನ್ನು ಒಪ್ಪುವವರೆಗೆ ಈ ಜೀವಂತ ಅಳತೆಗೋಲೇ ನಡೆಯಿತು.

ಇಲ್ಲೊಂದು ಮಾತನ್ನು ನೆನಪಿಡಬೇಕು. ಈ ಅಳತೆ ಹುಟ್ಟಿದ್ದು ಬಿಳಿಯರ ಚರ್ಮದ ಮೇಲೆ. ನಮ್ಮ ಮೈಬಣ್ಣದಲ್ಲಿ ಕೆಂಪು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಕಪ್ಪಾಗುವುದು, ಬಿಗಿಯುವುದು, ಉರಿಯುವುದು ಮೊದಲು ಗೊತ್ತಾಗುತ್ತದೆ. ಇಂದಿಗೂ ಚರ್ಮದ ತೊಂದರೆಯನ್ನು ಒಂದು, ಎರಡು, ಮೂರು ಎಂದು ದರ್ಜೆ ಹಾಕುವ ಅಂತರರಾಷ್ಟ್ರೀಯ ಕೋಷ್ಟಕಗಳು ಕೆಂಪಿನಿಂದಲೇ ಆರಂಭವಾಗುತ್ತವೆ. ಉರಿ ಇದ್ದೂ ಕೆಂಪು ಕಾಣದ ರೋಗಿಯ ಹಾಳೆಯಲ್ಲಿ ಕಡಿಮೆ ದರ್ಜೆ ಬೀಳುವ ಸಾಧ್ಯತೆ ಅಂದಿನಿಂದಲೇ ಉಳಿದುಬಂದಿದೆ.

ಕೊಡುವವರ ಪಾಡೂ ಸುಖವಾಗಿರಲಿಲ್ಲ. 1936ರಲ್ಲಿ ಜರ್ಮನಿಯ ಹ್ಯಾಂಬುರ್ಗ್ ನಗರದ ಆಸ್ಪತ್ರೆಯೊಂದರ ಆವರಣದಲ್ಲಿ ವಿಕಿರಣದಿಂದ ಸತ್ತ ವೈದ್ಯರು, ದಾದಿಯರು, ವಿಜ್ಞಾನಿಗಳ ನೆನಪಿಗೆ ಕಲ್ಲು ನೆಟ್ಟರು. ಮೊದಲ ದಿನ ಅದರಲ್ಲಿ 169 ಹೆಸರುಗಳಿದ್ದವು. ಚರ್ಮ ಸುಟ್ಟುಕೊಂಡ ರೋಗಿಗಳ ಹೆಸರಿನ ಕಲ್ಲನ್ನು ಯಾರೂ ನೆಡಲಿಲ್ಲ.

ದಿನಕ್ಕಿಷ್ಟೇ ಎಂಬ ಲೆಕ್ಕ

'ಕರೆಂಟ್ ಕೊಡಿಸೋದು' ಎಂದು ನಮ್ಮ ಕಡೆ ಜನ ಹೇಳುವ ವಿಕಿರಣ ಚಿಕಿತ್ಸೆಗೆ ವಾರಕ್ಕೆ ಐದು ದಿನದಂತೆ ಐದಾರು ವಾರ ಹೋಗಿಬಂದವರನ್ನು ನೀವು ನೋಡಿರಬಹುದು. ದಿನವೂ ಹತ್ತಿಪ್ಪತ್ತು ನಿಮಿಷದ ಕೆಲಸಕ್ಕೆ ಪರಊರಿನಲ್ಲಿ ತಿಂಗಳುಗಟ್ಟಲೆ ರೂಮು ಮಾಡಿಕೊಂಡಿರುವುದು ಏಕೆ? ಒಂದೇ ದಿನ ಕೊಟ್ಟು ಮುಗಿಸಬಾರದೇ?

ಉತ್ತರ ಸಿಕ್ಕಿದ್ದು ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯಲ್ಲಿ, ಅದೂ ಟಗರುಗಳಿಂದ. ಕ್ಲಾಡ್ ರೆಗೊ ಮತ್ತು ಸಂಗಡಿಗರು ಟಗರಿನ ವೃಷಣಕ್ಕೆ ಕಿರಣ ಕೊಟ್ಟು ಅದನ್ನು ಸಂತಾನಹೀನ ಮಾಡಲು ನೋಡಿದರು. ಒಂದೇ ಸಲ ಕೊಟ್ಟರೆ ಮೇಲಿನ ಚರ್ಮ ಸುಟ್ಟುಹೋಗುತ್ತಿತ್ತು. ಅದನ್ನೇ ಹಲವು ದಿನಗಳಿಗೆ ಹಂಚಿ ಕೊಟ್ಟರೆ ಉದ್ದೇಶವೂ ಈಡೇರಿತು, ಚರ್ಮವೂ ಉಳಿಯಿತು. ಬಿಡದೆ ಒಡೆದು ಬೆಳೆಯುವ ಕ್ಯಾನ್ಸರ್ ಕೋಶಗಳು ಆ ಬೀಜಕೋಶಗಳಂತೆ. ಚರ್ಮಕ್ಕೆ ಮಾತ್ರ ನಡುವೆ ಸುಧಾರಿಸಿಕೊಳ್ಳಲು ಬಿಡುವು ಸಿಗುತ್ತದೆ. ಇದೇ ಸಂಸ್ಥೆಯಲ್ಲಿ ಆನ್ರಿ ಕುಟಾರ್ ಗಂಟಲಿನ ಕ್ಯಾನ್ಸರಿಗೆ ಹೀಗೆ ಹಂಚಿ ಕೊಟ್ಟು ರೋಗಿಗಳನ್ನು ಉಳಿಸಿದ್ದನ್ನು 1930ರ ದಶಕದಲ್ಲಿ ಜಗತ್ತು ಒಪ್ಪಿತು. ಚರ್ಮ ಇಷ್ಟನ್ನೇ ತಡೆದೀತು ಎಂಬ ಮಿತಿಯೇ ಇಂದಿನ ಚಿಕಿತ್ಸೆಯ ವೇಳಾಪಟ್ಟಿಯನ್ನು ಬರೆದದ್ದು.

ಮುಂದಿನ ಬದಲಾವಣೆ ಕೆನಡಾದಿಂದ ಬಂತು. ಹಳೆಯ ಯಂತ್ರಗಳ ಕಿರಣ ತನ್ನ ಶಕ್ತಿಯ ಹೆಚ್ಚಿನ ಪಾಲನ್ನು ಚರ್ಮದ ಮೇಲೆಯೇ ಸುರಿದು ಒಳಗೆ ಹೋಗುವಷ್ಟರಲ್ಲಿ ಸೊರಗುತ್ತಿತ್ತು. 1951ರಲ್ಲಿ ಕೆನಡಾದ ಲಂಡನ್ ಮತ್ತು ಸಸ್ಕಟೂನ್ ಊರುಗಳಲ್ಲಿ ಶುರುವಾದ ಕೋಬಾಲ್ಟ್-60 ಯಂತ್ರದ ಕಿರಣ ಚರ್ಮದಿಂದ ಸುಮಾರು ಅರ್ಧ ಸೆಂಟಿಮೀಟರ್ ಒಳಗೆ ಹೋದ ಮೇಲೆ ತನ್ನ ಪೂರ್ಣ ಬಲ ತೋರಿಸುತ್ತದೆ. ಮೇಲ್ಪದರಕ್ಕೆ ಅಷ್ಟು ರಿಯಾಯಿತಿ. 1954ರಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರ ಶ್ರಮದಿಂದ ಚೆನ್ನೈನ ಅಡ್ಯಾರಿನಲ್ಲಿ ಶುರುವಾದ ಕ್ಯಾನ್ಸರ್ ಸಂಸ್ಥೆಗೆ ಆ ದಶಕದಲ್ಲೇ ಕೋಬಾಲ್ಟ್ ಯಂತ್ರ ಬಂತು. ಇಂದಿನ ಲೀನಿಯರ್ ಆಕ್ಸಲರೇಟರುಗಳ ಕಿರಣ ಇನ್ನೂ ಆಳಕ್ಕೆ ಹೋಗುತ್ತದೆ.

ಆದರೂ ಗಡ್ಡೆಯೇ ಚರ್ಮದ ಹತ್ತಿರವಿದ್ದರೆ ಚರ್ಮ ತಪ್ಪಿಸಿಕೊಳ್ಳಲಾರದು. ನಮ್ಮ ದೇಶದ ಗಂಡಸರಲ್ಲಿ ಬಾಯಿಯ ಕ್ಯಾನ್ಸರ್, ಹೆಂಗಸರಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚು. ಒಂದರಲ್ಲಿ ಕುತ್ತಿಗೆ, ಇನ್ನೊಂದರಲ್ಲಿ ಎದೆ ಮತ್ತು ಕಂಕುಳು. ಗಡ್ಡ ಹೆರೆಯಲಾಗದು, ಕಾಲರ್ ತಾಗಿದರೆ ಉರಿ. ರವಿಕೆ ತೊಡಲಾಗದು, ತೋಳು ಇಳಿಬಿಟ್ಟರೆ ಕಂಕುಳು ಅಂಟುತ್ತದೆ. ಇದರ ಮೇಲೆ ಸ್ನಾನ ಮಾಡಬೇಡಿ, ಗುರುತು ಅಳಿಸೀತು, ಚರ್ಮ ಕೆಟ್ಟೀತು ಎಂಬ ಕಟ್ಟಪ್ಪಣೆ. ಮೂರು ಹೊತ್ತು ಸ್ನಾನ ಮಾಡಿದರೂ ಸಾಲದ ನಮ್ಮ ಬೇಸಿಗೆಯಲ್ಲಿ, ಸ್ನಾನವಾಗದೆ ಒಲೆಯ ಮುಂದೆ ಹೋಗದ ಮನೆಗಳಲ್ಲಿ, ಈ ಅಪ್ಪಣೆ ರೋಗಿಯನ್ನು ತನ್ನ ಮನೆಯಲ್ಲೇ ಮೈಲಿಗೆಯವಳನ್ನಾಗಿ ಮಾಡುತ್ತಿತ್ತು. ಈ ಅಪ್ಪಣೆಗೆ ಆಧಾರವಿದೆಯೇ ಎಂದು ಬ್ರಿಟನ್ನಿನಲ್ಲಿ ರೋಗಿಗಳನ್ನು ಗುಂಪು ಮಾಡಿ ಪರೀಕ್ಷಿಸಿದ ಅಧ್ಯಯನ ಪ್ರಕಟವಾದದ್ದು 1992ರಲ್ಲಿ. ತೊಳೆದುಕೊಂಡವರ ಚರ್ಮ ತೊಳೆಯದವರಿಗಿಂತ ಹೆಚ್ಚು ಕೆಡಲಿಲ್ಲ. ಕ್ಷ-ಕಿರಣ ಬಂದು ಆಗಲೇ ಸುಮಾರು ನೂರು ವರ್ಷವಾಗಿತ್ತು. ಇಂದು ಉಗುರುಬೆಚ್ಚಗಿನ ನೀರು, ಮೃದುವಾದ ಸೋಪು, ಉಜ್ಜದೆ ಒತ್ತಿ ಒರೆಸುವುದು ಸಾಮಾನ್ಯ ಸಲಹೆ. ಗುರುತು ಅಳಿಸದಂತೆ ನೋಡಿಕೊಳ್ಳುವುದು ಹೇಗೆಂದು ಚಿಕಿತ್ಸೆ ಕೊಡುವವರನ್ನೇ ಕೇಳಬೇಕು.

ಬೊಕ್ಕೆ ಎಬ್ಬಿಸುವ ಅನಿಲದಿಂದ ಅಂಗೈ ಸುಲಿಯುವ ಮಾತ್ರೆಗೆ

ಕೀಮೋ ಔಷಧಿಗಳ ಮೂಲವೂ ಚರ್ಮವನ್ನು ಸುಡುವ ವಸ್ತುವೇ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೈಮೇಲೆ ಬೊಕ್ಕೆ ಎಬ್ಬಿಸಿದ ಮಸ್ಟರ್ಡ್ ಅನಿಲದ ಬಂಧು ನೈಟ್ರೋಜನ್ ಮಸ್ಟರ್ಡ್. 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗುಡ್‌ಮನ್ ಮತ್ತು ಗಿಲ್‌ಮನ್ ಅದನ್ನು ಕ್ಯಾನ್ಸರ್ ರೋಗಿಗೆ ಕೊಟ್ಟು ನೋಡುವ ಕೆಲಸ ಶುರು ಮಾಡಿದರು. ಮರುವರ್ಷ ಡಿಸೆಂಬರ್ 2ರಂದು ಇಟಲಿಯ ಬಾರಿ ಬಂದರಿನಲ್ಲಿ ಬಾಂಬು ಬಿದ್ದು, ಗುಟ್ಟಾಗಿ ಮಸ್ಟರ್ಡ್ ಬಾಂಬುಗಳನ್ನು ಹೊತ್ತಿದ್ದ 'ಜಾನ್ ಹಾರ್ವೆ' ಎಂಬ ಹಡಗು ಒಡೆಯಿತು. ನೂರಾರು ಜನರ ಚರ್ಮ ಸುಟ್ಟಿತು, ಬಿಳಿ ರಕ್ತಕಣಗಳು ಕುಸಿದವು. ಒಡೆದು ಬೆಳೆಯುವ ಕೋಶಗಳನ್ನು ಈ ವಿಷ ಕೊಲ್ಲುತ್ತದೆ ಎಂಬುದಕ್ಕೆ ಅದೂ ಸಾಕ್ಷಿಯಾಯಿತು.

ಒಡೆದು ಬೆಳೆಯುವುದು ಕ್ಯಾನ್ಸರ್ ಒಂದೇ ಅಲ್ಲ. ಕೂದಲಿನ ಬೇರು, ಉಗುರು, ಬಾಯಿಯ ಒಳಪದರ, ಚರ್ಮ ಎಲ್ಲವೂ ದಿನದಿನ ಹೊಸದಾಗುತ್ತಿರುತ್ತವೆ. ಔಷಧಿಗೆ ಇವು ಬೇರೆ, ಅದು ಬೇರೆ ಎಂದು ತಿಳಿಯದು. ತಲೆ ಬೋಳಾಗುವುದನ್ನು 'ಮತ್ತೆ ಬರುತ್ತದೆ ಬಿಡಿ' ಎಂದು ತಳ್ಳಿಹಾಕುವುದು ಸುಲಭ. ಗಂಡ ಸತ್ತ ಹೆಂಗಸಿನ ತಲೆ ಬೋಳಿಸುತ್ತಿದ್ದ ನೆನಪು ಇನ್ನೂ ಅಳಿಯದ ಮನೆಗಳಲ್ಲಿ ಆ ಬೋಳುತಲೆಗೆ ಕೂದಲಿಗಿಂತ ದೊಡ್ಡ ಅರ್ಥವಿದೆ.

ಅಂಗೈ ಅಂಗಾಲುಗಳ ಕಥೆ ಕೊಂಚ ಈಚಿನದು. ಮಿಟೊಟೇನ್ ಎಂಬ ಔಷಧಿ ತೆಗೆದುಕೊಂಡವರಲ್ಲಿ ಅಂಗೈ ಕೆಂಪಾಗುವುದನ್ನು 1974ರಲ್ಲಿ ವರದಿ ಮಾಡಲಾಯಿತು. 5-ಎಫ್‌ಯು ಎಂಬ ಔಷಧಿಯನ್ನು ದಿನಗಟ್ಟಲೆ ನಿಧಾನವಾಗಿ ಇಳಿಸಿದಾಗಲೂ ಹೀಗಾಗುವುದನ್ನು 1980ರ ದಶಕದ ಆರಂಭದಲ್ಲಿ ಗುರುತಿಸಿದರು. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾಪೆಸಿಟಬಿನ್ ದೇಹದೊಳಗೆ ಅದೇ 5-ಎಫ್‌ಯು ಆಗುವ ಮಾತ್ರೆ. ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ, ಮನೆಯಲ್ಲೇ ನುಂಗಬಹುದು. ಸಣ್ಣ ಊರುಗಳ ರೋಗಿಗಳಿಗೆ ಇದು ವರವಾಯಿತು. ಆದರೆ ಅಡ್ಡ ಪರಿಣಾಮವೂ ಮನೆಗೇ ಬಂತು. ಅಂಗೈ ಜುಮುಗುಟ್ಟಿ, ಕಪ್ಪಾಗಿ, ಬಿರಿದು, ಸುಲಿಯತೊಡಗಿದಾಗ ಪಕ್ಕದಲ್ಲಿ ದಾದಿ ಇರುವುದಿಲ್ಲ. ಹಿಟ್ಟು ನಾದುವುದು, ಪಾತ್ರೆ ತಿಕ್ಕುವುದು, ಬಸ್ಸಿನ ಕಂಬಿ ಹಿಡಿಯುವುದು, ಬಿಸಿ ಲೋಟ ಎತ್ತುವುದು ಒಂದೊಂದೂ ಪಾಡು. ಬಟ್ಟೆ ಹೊಲಿಯುವವರು, ಗಾರೆ ಕೆಲಸದವರು ಇಂಥವರಿಗೆ ಅದು ಅನ್ನದ ಪ್ರಶ್ನೆ.

ದದ್ದು ಬಂದರೆ ಒಳ್ಳೆಯದೇ?

ಅಮೆರಿಕದ ಸ್ಟಾನ್ಲಿ ಕೋಹೆನ್ 1962ರಲ್ಲಿ ಒಂದು ವಸ್ತುವನ್ನು ಬೇರ್ಪಡಿಸಿದ. ಅದನ್ನು ಕೊಟ್ಟ ಇಲಿಮರಿಗಳ ಕಣ್ಣು ಹೊತ್ತಿಗೆ ಮೊದಲೇ ತೆರೆದುಕೊಳ್ಳುತ್ತಿದ್ದವು. ಚರ್ಮವನ್ನು ಬೆಳೆಸುವ ಆ ವಸ್ತುವಿನ ಶೋಧಕ್ಕೆ 1986ರಲ್ಲಿ ನೊಬೆಲ್ ಪಾಲು ಸಿಕ್ಕಿತು. ಹಲವು ಕ್ಯಾನ್ಸರುಗಳೂ ಇದೇ ಸಂಕೇತ ಹಿಡಿದು ಬೆಳೆಯುತ್ತವೆ ಎಂದು ಮುಂದೆ ತಿಳಿಯಿತು. ಆ ಸಂಕೇತವನ್ನು ತಡೆಯುವ ಗೆಫಿಟಿನಿಬ್, ಎರ್ಲೋಟಿನಿಬ್, ಸೆಟುಕ್ಸಿಮಾಬ್ ಔಷಧಿಗಳು 2002ರಿಂದ 2004ರ ನಡುವೆ ಮಾರುಕಟ್ಟೆಗೆ ಬಂದವು. ಗುರಿಯಿಟ್ಟು ಹೊಡೆಯುವ ಔಷಧಿ ಎಂಬ ಹೆಸರು ಅವಕ್ಕೆ. ಆದರೆ ಗುರಿ ಚರ್ಮದಲ್ಲೂ ಇತ್ತಲ್ಲ. ಮುಖ, ಎದೆ, ಬೆನ್ನಿನ ತುಂಬ ಮೊಡವೆಯಂಥ ಕೀವುಗುಳ್ಳೆಗಳು ಎದ್ದವು. ಉಗುರಿನ ಸುತ್ತ ಕೀವಾಯಿತು. ಒಳಗಿನ ರೋಗವನ್ನು ಮುಚ್ಚಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದವರ ಮುಖದ ಮೇಲೆಯೇ ಅದು ಬರೆದುಬಿಟ್ಟಿತು. ಅಂಟುರೋಗವಿರಬಹುದೆಂದು ಪಕ್ಕದವರು ದೂರ ಸರಿದರು.

ದದ್ದು ಹೆಚ್ಚಾದವರಲ್ಲಿ ಔಷಧಿಯೂ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದು ವೈದ್ಯರ ಗಮನಕ್ಕೆ ಬಂತು. 'ದದ್ದು ಬಂದಿದೆಯೇ? ಒಳ್ಳೆಯ ಲಕ್ಷಣ' ಎಂಬ ಸಮಾಧಾನದ ಮಾತು ರೂಢಿಯಾಯಿತು. ದದ್ದು ಕಾಣುವವರೆಗೆ ಸೆಟುಕ್ಸಿಮಾಬ್ ಡೋಸನ್ನು ಏರಿಸುತ್ತ ಹೋದರೆ ಹೇಗೆ ಎಂದು ಯುರೋಪಿನಲ್ಲಿ ಪ್ರಯೋಗವನ್ನೂ ಮಾಡಿದರು. ಗಡ್ಡೆ ಕುಗ್ಗಿದವರ ಸಂಖ್ಯೆ ಹೆಚ್ಚಿತು, ಆದರೆ ಬದುಕಿದ ಅವಧಿ ಹೆಚ್ಚಲಿಲ್ಲ. 1920ರ 'ಕೆಂಪಾಗುವಷ್ಟು ಕೊಡು' ಎಂಬ ಮಾತು ಹೊಸ ಔಷಧಿಯ ಜೊತೆ ಮರಳಿ ಬಂದಿತ್ತು. ಚರ್ಮ ಮತ್ತೆ ಅಳತೆಗೋಲಾಗಿತ್ತು.

ಕೇಳದ ಪ್ರಶ್ನೆ

ರೋಗಿಯ ಬದುಕು ಹೇಗಿದೆ ಎಂದು ಅಳೆಯಲು ಪ್ರಯತ್ನಗಳು ನಡೆಯದೆ ಇರಲಿಲ್ಲ. 1948ರಲ್ಲಿ ಡೇವಿಡ್ ಕಾರ್ನೋಫ್‌ಸ್ಕಿ, ನೈಟ್ರೋಜನ್ ಮಸ್ಟರ್ಡ್ ಪಡೆದ ರೋಗಿಗಳಿಗಾಗಿ, ಸೊನ್ನೆಯಿಂದ ನೂರರವರೆಗೆ ಅಂಕ ಕೊಡುವ ಕ್ರಮ ತಂದ. ಎದ್ದು ಓಡಾಡುತ್ತಾರೆಯೇ, ತಮ್ಮ ಕೆಲಸ ತಾವು ಮಾಡಿಕೊಳ್ಳುತ್ತಾರೆಯೇ ಎಂಬುದಕ್ಕೆ ಅಂಕ. ಅಂಕ ಕೊಡುವವರು ಮಾತ್ರ ವೈದ್ಯರು. 1993ರಲ್ಲಿ ಯುರೋಪಿನ ಕ್ಯಾನ್ಸರ್ ಸಂಶೋಧಕರ ಒಕ್ಕೂಟ, ರೋಗಿಯೇ ಉತ್ತರಿಸುವ 30 ಪ್ರಶ್ನೆಗಳ ಪಟ್ಟಿ ಪ್ರಕಟಿಸಿತು. ಅದು ಜಗತ್ತಿನಾದ್ಯಂತ ಬಳಕೆಗೆ ಬಂತು. ಉಬ್ಬಸವಿದೆಯೇ, ನಿದ್ದೆ ಬರುತ್ತದೆಯೇ, ಹಸಿವಿದೆಯೇ, ಮಲಬದ್ಧತೆಯೇ, ಹಣದ ತೊಂದರೆಯೇ ಎಂದು ಅದು ಕೇಳುತ್ತದೆ. ಆ ಮೂವತ್ತರಲ್ಲಿ ಚರ್ಮದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ.

ಆ ಪ್ರಶ್ನೆ ಬಂದದ್ದು ಚರ್ಮವೈದ್ಯರ ಕಡೆಯಿಂದ. 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಫಿನ್ಲೇ ಮತ್ತು ಖಾನ್, ಇಸುಬು, ಸೋರಿಯಾಸಿಸ್ ಮುಂತಾದವುಗಳ ರೋಗಿಗಳಿಗಾಗಿ ಹತ್ತೇ ಪ್ರಶ್ನೆಗಳ ಪಟ್ಟಿ ಮಾಡಿದರು. ಕಳೆದ ವಾರ ಚರ್ಮದಿಂದ ನಾಚಿಕೆಯಾಯಿತೇ? ಅಂಗಡಿಗೆ ಹೋಗಲು, ಮನೆಗೆಲಸಕ್ಕೆ ಅಡ್ಡಿಯಾಯಿತೇ? ಬಟ್ಟೆ ಆರಿಸುವಾಗ ಯೋಚಿಸಬೇಕಾಯಿತೇ? ಗಂಡ ಅಥವಾ ಹೆಂಡತಿಯ ಜೊತೆ ತೊಂದರೆಯಾಯಿತೇ? ಇಂಥ ಪಟ್ಟಿಗಳನ್ನು ಕ್ಯಾನ್ಸರ್ ರೋಗಿಗಳ ಕೈಗೂ ಕೊಟ್ಟಾಗ ಗೊತ್ತಾದದ್ದು ಹಲವು. ಒಂದೇ ದರ್ಜೆಯ ದದ್ದು ಎಲ್ಲರಿಗೂ ಒಂದೇ ಅಲ್ಲ. ಹಿರಿಯರಿಗಿಂತ ಐವತ್ತರ ಒಳಗಿನವರು ಅದರಿಂದ ಹೆಚ್ಚು ಕುಗ್ಗುತ್ತಾರೆ. ವೈದ್ಯರ ಹಾಳೆಯಲ್ಲಿ 'ಸೌಮ್ಯ' ಎಂದಿದ್ದದ್ದು ರೋಗಿಯ ಉತ್ತರದಲ್ಲಿ ಸೌಮ್ಯವಾಗಿರಲಿಲ್ಲ.

ಇದು ಮನಸ್ಸಿನ ಸಮಾಧಾನದ ಮಾತಷ್ಟೇ ಆಗಿರಲಿಲ್ಲ. 2007ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ, ದದ್ದಿನ ಕಾರಣಕ್ಕೆ ಈ ಔಷಧಿಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದೇವೆ ಎಂದು ಶೇಕಡಾ 76ರಷ್ಟು ಚಿಕಿತ್ಸಕರು ಹೇಳಿದರು. ಶೇಕಡಾ 32ರಷ್ಟು ಮಂದಿ ಔಷಧಿಯನ್ನು ಪೂರ್ತಿ ಬಿಟ್ಟದ್ದೂ ಉಂಟು. ಜೀವ ಉಳಿಸುವ ಔಷಧಿ ಚರ್ಮದ ಕಾರಣಕ್ಕೆ ನಿಲ್ಲುತ್ತಿತ್ತು. ಹಾಗಾದರೆ ಚರ್ಮವನ್ನು ಮೊದಲೇ ನೋಡಿಕೊಳ್ಳಬಾರದೇಕೆ? ಮಾರಿಯೊ ಲಕೂಟ್ಯೂರ್ ಎಂಬ ಚರ್ಮವೈದ್ಯರು ಇದನ್ನೇ ಪರೀಕ್ಷಿಸಿದರು. ಇದೇ ಬಗೆಯ ಪನಿಟುಮುಮಾಬ್ ಔಷಧಿ ಪಡೆಯುವ ಕೆಲವರಿಗೆ ದದ್ದು ಬರುವ ಮೊದಲೇ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಸ್ಟೀರಾಯ್ಡ್ ಮುಲಾಮು ಮತ್ತು ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರು. ಉಳಿದವರಿಗೆ ದದ್ದು ಬಂದ ಮೇಲೆ ಕೊಟ್ಟರು. ಮಧ್ಯಮ ಅಥವಾ ತೀವ್ರವಾದ ತೊಂದರೆ ಎರಡನೆಯ ಗುಂಪಿನಲ್ಲಿ ನೂರಕ್ಕೆ 62 ಮಂದಿಗೆ ಆದರೆ, ಮೊದಲ ಗುಂಪಿನಲ್ಲಿ 29 ಮಂದಿಗೆ. 2010ರಲ್ಲಿ ಈ ಫಲಿತಾಂಶ ಹೊರಬಂತು. ಇದರಲ್ಲಿ ಹೊಸ ಔಷಧಿ ಯಾವುದೂ ಇರಲಿಲ್ಲ. ಎಲ್ಲ ಮೆಡಿಕಲ್ ಶಾಪುಗಳಲ್ಲಿ ಆಗಲೇ ಇದ್ದವು.

ಅಂಗೈ ಸುಲಿಯುವುದಕ್ಕೂ ಇಂಥದೇ ಒಂದು ಉತ್ತರ ಬಂದಿದೆ, ಅದೂ ನಮ್ಮ ದೆಹಲಿಯಿಂದ. ಅಲ್ಲಿನ ಏಮ್ಸ್ ವೈದ್ಯರು ಕ್ಯಾಪೆಸಿಟಬಿನ್ ತೆಗೆದುಕೊಳ್ಳುವ 264 ರೋಗಿಗಳಲ್ಲಿ ಅರ್ಧದಷ್ಟು ಜನರ ಕೈಗೆ ಡೈಕ್ಲೋಫಿನ್ಯಾಕ್ ಜೆಲ್ ಹಚ್ಚಿಸಿದರು. ಮಂಡಿನೋವಿಗೆ, ಬೆನ್ನುನೋವಿಗೆ ನಾವೆಲ್ಲ ಹಚ್ಚುವ ಅದೇ ಜೆಲ್. ಉಳಿದವರಿಗೆ ಔಷಧಿಯಿಲ್ಲದ ಜೆಲ್. ಮಧ್ಯಮ ಮತ್ತು ತೀವ್ರ ತೊಂದರೆ ಔಷಧಿಯಿಲ್ಲದ ಜೆಲ್ ಹಚ್ಚಿದವರಲ್ಲಿ ಶೇಕಡಾ 15 ಇದ್ದರೆ, ಡೈಕ್ಲೋಫಿನ್ಯಾಕ್ ಹಚ್ಚಿದವರಲ್ಲಿ ಶೇಕಡಾ 3.8. 2024ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಜಗತ್ತಿನ ಕ್ಯಾನ್ಸರ್ ವೈದ್ಯರು ಗಮನಿಸಿದರು. ಆದರೆ ತಮ್ಮ ವೈದ್ಯರನ್ನು ಕೇಳದೆ ಯಾರೂ ಇದನ್ನು ತಾವಾಗಿ ಶುರು ಮಾಡಬಾರದು.

ಹೆಬ್ಬೆಟ್ಟು

ಮತ್ತೆ ಬೆರಳಚ್ಚಿಗೆ ಬರೋಣ. ಒಂದು ಕಾಲಕ್ಕೆ ಹೆಬ್ಬೆಟ್ಟು ಒತ್ತುವವರು ಎಂದರೆ ಓದು ಬಾರದವರು. ಈಗ ಎಂ.ಎ. ಓದಿದವರೂ ಹೆಬ್ಬೆಟ್ಟು ಒತ್ತುತ್ತಾರೆ. ರೇಷನ್ನಿಗೆ, ಸಿಮ್ ಕಾರ್ಡಿಗೆ, ಪಿಂಚಣಿದಾರರ ಜೀವಿತ ಪ್ರಮಾಣಪತ್ರಕ್ಕೆ. ಸಿಂಗಪುರದವರಿಗೆ ಜೀವಮಾನದಲ್ಲಿ ಒಮ್ಮೆ ಆದದ್ದು ನಮ್ಮಲ್ಲಿ ತಿಂಗಳು ತಿಂಗಳು ಆಗಬಹುದು. ಆಧಾರ್ ವ್ಯವಸ್ಥೆಯಲ್ಲಿ ಕಣ್ಣುಪಾಪೆಯ ಗುರುತಿಗೂ ಅವಕಾಶವಿದೆ. ಜೀವಿತ ಪ್ರಮಾಣಪತ್ರಕ್ಕೆ 2021ರಿಂದ ಮುಖದ ಗುರುತೂ ನಡೆಯುತ್ತದೆ. ಇಂಥ ಮಾತ್ರೆ ನುಂಗುವವರು ಮನೆಯಲ್ಲಿದ್ದರೆ ಇದು ಮೊದಲೇ ತಿಳಿದಿರಲಿ, ವೈದ್ಯರಿಂದ ಒಂದು ಪತ್ರವೂ ಕೈಯಲ್ಲಿರಲಿ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಮ್ಮವರು ಆಸ್ಪತ್ರೆಯಲ್ಲಿ ಗಡ್ಡೆಯ ಮಾತಾಡುತ್ತಾರೆ, ರಿಪೋರ್ಟಿನ ಮಾತಾಡುತ್ತಾರೆ. ಅಂಗೈ ಉರಿಯ ಮಾತು ಬಂದರೆ 'ಜೀವ ಉಳಿದರೆ ಸಾಕು, ಇದೆಲ್ಲ ಏನು ಹೇಳೋದು' ಎನ್ನುತ್ತಾರೆ. ಆಮೇಲೆ ತಾಳಲಾರದೆ ಯಾರಿಗೂ ಹೇಳದೆ ಎರಡು ದಿನ ಮಾತ್ರೆ ಬಿಡುತ್ತಾರೆ. ಹೇಳಿದ್ದರೆ ವೈದ್ಯರು ಡೋಸ್ ತಗ್ಗಿಸಬಹುದಿತ್ತು, ಒಂದು ವಾರ ಬಿಡುವು ಕೊಡಬಹುದಿತ್ತು, ಮುಲಾಮು ಬರೆಯಬಹುದಿತ್ತು. ಇವೆಲ್ಲ ಇಂದು ಚಿಕಿತ್ಸೆಯದೇ ಭಾಗ. ಟಗರಿನ ಚರ್ಮ ಕಲಿಸಿದ ಪಾಠದಿಂದ ಹಿಡಿದು ಏಮ್ಸ್‌ನ ಜೆಲ್‌ವರೆಗೆ ಈ ಇತಿಹಾಸ ತೋರಿಸಿರುವುದು ಇದನ್ನೇ. ಚರ್ಮ ತಡೆದುಕೊಂಡಾಗಲೇ ಚಿಕಿತ್ಸೆ ಮುಂದೆ ಸಾಗಿದೆ. ಅದಕ್ಕೆ ಏನಾಗುತ್ತಿದೆ ಎಂದು ವೈದ್ಯರು ಕೇಳಬೇಕು. ಕೇಳದಿದ್ದರೆ ನಾವೇ ಹೇಳಬೇಕು.